ರೋಬೋಟ್ ಎಂದರೆ ಬಿಟ್ಟಿ ಚಾಕರಿ

ರೋಬೋಟ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ತಗಡಿನ ಮೈ, ಬಲ್ಬಿನ ಕಣ್ಣು, ಕೀಲಿ ಕೊಟ್ಟಂತೆ ನಡೆಯುವ ಗೊಂಬೆ. ಆದರೆ ಈ ಹೆಸರು ಮೊದಲು ಪಡೆದ ಜೀವಿಗಳ ಮೈಯಲ್ಲಿ ಚೂರು ಕಬ್ಬಿಣವೂ ಇರಲಿಲ್ಲ. ಅವು ಹುಟ್ಟಿದ್ದು ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಲ್ಲಿ. 1921ರ ಜನವರಿ 25ರಂದು ಅದು ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ರಂಗಕ್ಕೆ ಬಂತು.

ಆ ಮೂರು ಅಕ್ಷರಗಳು ದ್ವೀಪವೊಂದರ ಕಾರ್ಖಾನೆಯ ಹೆಸರು: ‘ರೊಸ್ಸುಮ್‌ನ ಸಾರ್ವತ್ರಿಕ ರೋಬೋಟ್‌ಗಳು’. ಅಲ್ಲಿ ಜೀವದ್ರವ್ಯದ ಹಿಟ್ಟನ್ನು ತೊಟ್ಟಿಗಳಲ್ಲಿ ಕಲಸುತ್ತಾರೆ, ನರಗಳನ್ನು ದಾರದಂತೆ ನೂಲುತ್ತಾರೆ. ಸಿದ್ಧವಾದದ್ದು ನೋಡಲು ಥೇಟ್ ಮನುಷ್ಯನೇ. ಭೇಟಿಗೆ ಬಂದ ಹೆಲೆನಾ ಎಂಬ ಯುವತಿ ಟೈಪಿಸ್ಟ್ ರೋಬೋಟನ್ನು ಹೆಣ್ಣುಮಗಳೆಂದೂ, ಕಾರ್ಖಾನೆಯ ಅಧಿಕಾರಿಗಳನ್ನೇ ರೋಬೋಟ್‌ಗಳೆಂದೂ ತಿಳಿದುಬಿಡುತ್ತಾಳೆ! ರೊಸ್ಸುಮ್ ಎಂಬ ಹೆಸರಿನಲ್ಲೂ ಚೇಷ್ಟೆಯಿದೆ. ಚೆಕ್ ಭಾಷೆಯಲ್ಲಿ ‘ರೊಜುಮ್’ ಎಂದರೆ ಬುದ್ಧಿ, ಅಕ್ಲು. ಹಿರಿಯ ರೊಸ್ಸುಮ್‌ನಿಗೆ ದೇವರ ಅಗತ್ಯವಿಲ್ಲವೆಂದು ಸಾಧಿಸುವ ಹಟ. ಎಂಜಿನಿಯರಾದ ಕಿರಿಯ ರೊಸ್ಸುಮ್‌ನಿಗೆ ಬೇಕಾದದ್ದು ಅಗ್ಗದ ಆಳು. ಹಾಗಾಗಿ ದುಡಿಮೆಗೆ ಬೇಡದ್ದನ್ನೆಲ್ಲ, ಅಂದರೆ ಸಂತೋಷ, ಸಂಗೀತ, ಸುಮ್ಮನೆ ಅಡ್ಡಾಡುವ ಆಸೆ, ಎಲ್ಲವನ್ನೂ ತೆಗೆದುಹಾಕಿದ.

ಕಾರ್ಖಾನೆಯ ಮುಖ್ಯಸ್ಥ ದೊಮಿನ್ ಖಳನಾಯಕನಲ್ಲ. ಮನುಷ್ಯನನ್ನು ದುಡಿಮೆಯಿಂದ ಬಿಡುಗಡೆ ಮಾಡುತ್ತೇನೆಂದೇ ಆತ ನಂಬಿದ್ದಾನೆ. ಆದರೆ ಕೆಲಸ ಕಳೆದುಕೊಂಡ ಕಾರ್ಮಿಕರು ರೋಬೋಟ್‌ಗಳನ್ನು ಒಡೆಯಲು ಹೊರಟಾಗ ಅವುಗಳ ಕೈಗೆ ಕೋವಿ ಕೊಡಲಾಗುತ್ತದೆ. ಸರ್ಕಾರಗಳು ಅವುಗಳನ್ನೇ ಸೈನಿಕರನ್ನಾಗಿ ಮಾಡಿಕೊಳ್ಳುತ್ತವೆ. ಇತ್ತ ಹೆಂಗಸರಿಗೆ ಮಕ್ಕಳಾಗುವುದೇ ನಿಂತುಹೋಗುತ್ತದೆ. ಕೊನೆಗೆ ಅದೇ ಕೋವಿಗಳು ಮನುಷ್ಯಕುಲದ ಮೇಲೆಯೇ ತಿರುಗುತ್ತವೆ.

ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತಷ್ಟೆ. ಲಕ್ಷಾಂತರ ಮಂದಿಯನ್ನು ಒಂದೇ ಅಳತೆಯ ಸಮವಸ್ತ್ರ ತೊಡಿಸಿ ಸಾಯಲು ಕಳಿಸಿದ್ದನ್ನು ಕಂಡವರಿಗೆ ಇದು ಬರೀ ಕಲ್ಪನೆಯಾಗಿ ಕಂಡಿರಲಾರದು.

ಇನ್ನು ಆ ಪದ. ಕರೆಲ್ 1933ರಲ್ಲಿ ಪತ್ರಿಕೆಯೊಂದಕ್ಕೆ ಬರೆದು, ಅದು ತನ್ನದಲ್ಲ, ಅಣ್ಣ ಯೋಸೆಫ್‌ನದು ಎಂದು ಸ್ಪಷ್ಟಪಡಿಸಿದ. ನಾಟಕದ ಕಥೆ ಹೊಳೆದಾಗ ಚಿತ್ರಕಾರನಾದ ಅಣ್ಣನ ಬಳಿ ಓಡಿದನಂತೆ. ಈ ಜೀವಿಗಳನ್ನು ‘ಲಾಬೊರಿ’ ಎನ್ನೋಣವೆಂದರೆ ಯಾಕೋ ಪುಸ್ತಕದ ಮಾತಿನಂತಿದೆ ಎಂದು ಅಳುಕಿದನಂತೆ. ಬಾಯಲ್ಲಿ ಕುಂಚ ಕಚ್ಚಿಕೊಂಡೇ ಅಣ್ಣ ರೋಬೋಟ್ ಎಂಬ ಹೆಸರು ಗೊಣಗಿದ.

ಚೆಕ್ ಭಾಷೆಯ ‘ರೊಬೊತ’ ಎಂದರೆ ಜಮೀನ್ದಾರನ ಹೊಲದಲ್ಲಿ ಒಕ್ಕಲು ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ದುಡಿಮೆ. ನಮ್ಮ ಉರ್ದು ಪಾಠದ ಮಾತಿನಲ್ಲಿ ಬೇಗಾರ್. ಕನ್ನಡದಲ್ಲಿ ಬಿಟ್ಟಿ ಚಾಕರಿ. ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಅದು ರದ್ದಾದದ್ದು 1848ರಲ್ಲಿ, ಕರೆಲ್ ಹುಟ್ಟುವ 42 ವರ್ಷ ಮೊದಲು. ಪ್ರಾಗ್‌ನ ಪ್ರೇಕ್ಷಕರಿಗೆ ಆ ಪದ ಕೇಳಿದೊಡನೆ ತಾತ ಮುತ್ತಾತಂದಿರ ಬಗ್ಗಿದ ಬೆನ್ನು ನೆನಪಾಗಿರಬೇಕು. ಇಂಗ್ಲಿಷಿನವರು ಪದವನ್ನು ಹಾಗೇ ಉಳಿಸಿಕೊಂಡರು, ಬೆನ್ನು ಕಾಣೆಯಾಯಿತು, ಬಂದದ್ದು ತಗಡು. ತನ್ನ ರೋಬೋಟ್‌ಗಳು ಹೀಗೆ ಯಂತ್ರಗಳಾದ ಬಗ್ಗೆ 1935ರಲ್ಲಿ ಕರೆಲ್‌ನೇ ತಕರಾರು ತೆಗೆದಿದ್ದ.

ನಾಟಕದ ಕೊನೆಯಲ್ಲಿ ಎರಡು ರೋಬೋಟ್‌ಗಳು ಪರಸ್ಪರ ಪ್ರೀತಿಸುವ ಪ್ರಸಂಗ ನಮಗೆ ಅಷ್ಟು ರುಚಿಸಲಿಲ್ಲ. ಮನಸ್ಸಿನಲ್ಲಿ ಉಳಿದವನು ಅಲ್ಕ್ವಿಸ್ಟ್. ಎಲ್ಲರನ್ನೂ ಕೊಂದ ರೋಬೋಟ್‌ಗಳು ಅವನೊಬ್ಬನನ್ನು ಬಿಡುತ್ತವೆ. ಕಾರಣ, ಕಟ್ಟಡದ ಕೆಲಸದ ಆತ ಅವುಗಳಂತೆ ಕೈಯಿಂದ ದುಡಿಯುತ್ತಾನೆ. ತಯಾರಿಕೆಯ ಗುಟ್ಟಿದ್ದ ಹಸ್ತಪ್ರತಿಯನ್ನು ಹೆಲೆನಾ ಆಗಲೇ ಸುಟ್ಟಿದ್ದಾಳೆ. ಸಂತಾನವಿಲ್ಲದ, ಆಯಸ್ಸು ಮುಗಿಯುತ್ತಿರುವ ರೋಬೋಟ್‌ಗಳು ಗುಟ್ಟು ಹುಡುಕಿಕೊಡು ಎಂದು ಅವನ ಮುಂದೆ ಗೋಗರೆಯುತ್ತವೆ. ಇಟ್ಟಿಗೆ ಜೋಡಿಸಬಲ್ಲವನಿಗೆ ಅದೆಲ್ಲಿಂದ ತಿಳಿಯಬೇಕು?

ಕರೆಲ್ ತೀರಿಕೊಂಡದ್ದು 1938ರ ಡಿಸೆಂಬರ್ 25ರಂದು. ಮುಂದಿನ ಮಾರ್ಚ್‌ನಲ್ಲಿ ಪ್ರಾಗ್ ಹಿಡಿದ ನಾಜಿಗಳ ಗುಪ್ತ ಪೊಲೀಸರು, ಅದು ತಿಳಿಯದೆ, ಅವನನ್ನು ಬಂಧಿಸಲು ಮನೆಗೆ ಬಂದರು. ಹಿಟ್ಲರನನ್ನು ಲೇವಡಿ ಮಾಡಿ ಚಿತ್ರ ಬರೆದಿದ್ದ ಯೋಸೆಫ್ ಆ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದ. ಒಂದು ಯಾತನಾ ಶಿಬಿರದಿಂದ ಇನ್ನೊಂದಕ್ಕೆ ಸಾಗಿಸಲ್ಪಡುತ್ತಾ, 1945ರ ಏಪ್ರಿಲ್‌ನಲ್ಲಿ ಬೆರ್ಗೆನ್-ಬೆಲ್ಸೆನ್‌ನಲ್ಲಿ ಪ್ರಾಣಬಿಟ್ಟ.