ಎನ್.ಎಂ.ಎಂ.ಎಸ್. ಪರೀಕ್ಷೆ: ವಾಕ್ಯರೂಪದ ಲೆಕ್ಕಗಳು ಹಾಗೂ ಸಂಖ್ಯಾ ಒಗಟುಗಳು

ಕೇಂದ್ರ ಸರ್ಕಾರವು 2008ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಆದಾಯ ಹಾಗೂ ಪ್ರತಿಭೆ ಆಧಾರಿತ ವಿದ್ಯಾರ್ಥಿವೇತನ ಯೋಜನೆಯಡಿ ಆಯ್ಕೆಯಾಗುವ ವಿದ್ಯಾರ್ಥಿಗೆ, ಷರತ್ತುಗಳಿಗೊಳಪಟ್ಟು, 9ರಿಂದ 12ನೇ ತರಗತಿಯವರೆಗೆ ವಾರ್ಷಿಕ ರೂ. 12,000 ದೊರೆಯುತ್ತದೆ. ನಾಲ್ಕು ವರ್ಷಗಳ ಒಟ್ಟು ಮೊತ್ತ ರೂ. 48,000. ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ 8ನೇ ತರಗತಿ ವ್ಯಾಸಂಗ ಮಾಡುತ್ತಿರುವವರು ಅರ್ಜಿ ಸಲ್ಲಿಸಬಹುದು. ಪೋಷಕರ ವಾರ್ಷಿಕ ಆದಾಯವು ರೂ. 3,50,000ವನ್ನು ಮೀರಿರಬಾರದು.

ಪರೀಕ್ಷೆಯು ಎರಡು ಪತ್ರಿಕೆಗಳನ್ನು ಒಳಗೊಂಡಿದ್ದು, ಪ್ರತಿಯೊಂದರಲ್ಲೂ 90 ಪ್ರಶ್ನೆಗಳಿಗೆ 90 ನಿಮಿಷಗಳ ಕಾಲಾವಕಾಶವಿರುತ್ತದೆ. ಎರಡೂ ಸೇರಿ ಕನಿಷ್ಠ ಶೇ. 40 ಅಂಕಗಳನ್ನು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಶೇ. 32 ಅಂಕಗಳನ್ನು ಪಡೆಯತಕ್ಕದ್ದು. ಒಂದು ಪತ್ರಿಕೆ ಶಾಲಾ ಪಠ್ಯವನ್ನು ಆಧರಿಸಿದೆ. ಮ್ಯಾಟ್ ಎಂದು ಕರೆಯಲಾಗುವ ಇನ್ನೊಂದು ಬೌದ್ಧಿಕ ಸಾಮರ್ಥ್ಯ ಪತ್ರಿಕೆಗೆ ನಿಗದಿತ ಪಠ್ಯವಿಲ್ಲ. ಗಣಿತದಲ್ಲಿ ಉತ್ತಮರಾದ ಮಕ್ಕಳೂ ಇಲ್ಲಿ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಲೆಕ್ಕ ಬಾರದ್ದರಿಂದಲ್ಲ, ವಾಕ್ಯವನ್ನು ಅವಸರದಲ್ಲಿ ಓದುವುದರಿಂದ.

ಉದಾಹರಣೆಗೆ, ಸಾಲಿನಲ್ಲಿ ನಿಂತ ಬಾಲಕಿಯು ಎಡದಿಂದ 9ನೆಯವಳು, ಬಲದಿಂದ 14ನೆಯವಳು. ಸಾಲಿನಲ್ಲಿ ಒಟ್ಟು ಎಷ್ಟು ಮಂದಿ? 23 ಎಂಬ ಉತ್ತರ ತಪ್ಪು. ಆ ಬಾಲಕಿ ಎರಡೂ ಕಡೆಯ ಎಣಿಕೆಯಲ್ಲಿ ಸೇರಿರುವುದರಿಂದ ಒಂದನ್ನು ಕಳೆದು 22 ಎನ್ನಬೇಕು. ಆಯ್ಕೆಗಳಲ್ಲಿ ಬಹುತೇಕ 23 ಸಹ ಇರುತ್ತದೆಂಬುದನ್ನು ಗಮನಿಸತಕ್ಕದ್ದು.

ಎರಡನೆಯದಾಗಿ, ಕೊಟ್ಟಿಗೆಯಲ್ಲಿರುವ ಕುರಿ ಕೋಳಿಗಳಿಗೆ ಒಟ್ಟು 30 ತಲೆ, 86 ಕಾಲು, ಕುರಿಗಳೆಷ್ಟು? ಇದಕ್ಕೆ ಸಮೀಕರಣ ಅನಿವಾರ್ಯವಲ್ಲ. ಎಲ್ಲವೂ ಕೋಳಿಗಳೆಂದು ಭಾವಿಸಿದರೆ 60 ಕಾಲು. ಉಳಿದ 26 ಕಾಲುಗಳನ್ನು ಕುರಿಯೊಂದಕ್ಕೆ ಎರಡರಂತೆ ಹಂಚಿದರೆ 13 ಕುರಿ, 17 ಕೋಳಿ. ಇಂತಹ ಲೆಕ್ಕಗಳು ಕನ್ನಡ ನಾಡಿಗೆ ಹೊಸತೇನಲ್ಲ: 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ ಹಣ್ಣು, ಹೂವು, ವ್ಯಾಪಾರಗಳ ಲೆಕ್ಕಗಳು ಹೇರಳವಾಗಿವೆ, 12ನೇ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು.

ವಯಸ್ಸಿನ ಲೆಕ್ಕಗಳಲ್ಲಿ "ಈಗ", "ಹಿಂದೆ", "ನಂತರ" ಎಂಬ ಪದಗಳಿಗೆ ಅಡಿಗೆರೆ ಎಳೆಯುವುದು ಸೂಕ್ತ. ತಾಯಿಯ ವಯಸ್ಸು ಈಗ ಮಗಳ ಮೂರರಷ್ಟು, 12 ವರ್ಷಗಳ ನಂತರ ಎರಡರಷ್ಟು ಎಂದಾಗ 12 ವರ್ಷಗಳನ್ನು ಇಬ್ಬರಿಗೂ ಸೇರಿಸಬೇಕು. ಮಗಳಿಗೆ ಈಗ 12, ತಾಯಿಗೆ 36. ಸಂಖ್ಯಾಶ್ರೇಣಿಗಳಲ್ಲಿ ಮೊದಲು ಅಂತರಗಳನ್ನು ಬರೆದುಕೊಳ್ಳಬೇಕು. 3, 7, 15, 31ರ ಅಂತರಗಳು 4, 8, 16 ಆಗಿರುವುದರಿಂದ ಮುಂದಿನ ಅಂತರ 32, ಮುಂದಿನ ಸಂಖ್ಯೆ 63.

ತಪ್ಪು ಉತ್ತರಕ್ಕೆ ಅಂಕ ಕಡಿತವಿರುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕಠಿಣವಾದುದನ್ನು ಮುಂದಕ್ಕೆ ಹಾಕಿದಲ್ಲಿ, ಓ.ಎಂ.ಆರ್. ಹಾಳೆಯಲ್ಲಿ ಮುಂದಿನ ಉತ್ತರವನ್ನು ಅದರದೇ ಕ್ರಮಸಂಖ್ಯೆಯ ಎದುರು ಗುರುತಿಸಲಾಗಿದೆಯೇ ಎಂದು ಪರಿಶೀಲಿಸಿಕೊಳ್ಳತಕ್ಕದ್ದು.