ಅಂಗಡಿ ಸಿಸಿಟಿವಿ: 30 ದಿನದ ದೃಶ್ಯ ಉಳಿಯುತ್ತಾ? ಡಿವಿಆರ್ ಸೆಟ್ಟಿಂಗ್ ಹೀಗೆ ನೋಡಿಕೊಳ್ಳಿ

ಬೆಂಗಳೂರು: ಬಸವನಗುಡಿಯ ಗಾಂಧಿ ಬಜಾರ್, ಮಲ್ಲೇಶ್ವರಂ 8ನೇ ಕ್ರಾಸ್, ಚಾಮರಾಜಪೇಟೆ ಕಡೆ ಅಂಗಡಿಗಳಲ್ಲಿ ಗಲ್ಲಾ ಮೇಲೊಂದು ಕ್ಯಾಮೆರಾ ಈಗ ಮಾಮೂಲು. ಆದರೆ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿರೋ ಡಿವಿಆರ್ ಕಡೆ ಯಾರ ಗಮನವೂ ಇರಲ್ಲ. ವರಮಹಾಲಕ್ಷ್ಮಿ ಹಬ್ಬದ ನೂಕುನುಗ್ಗಲಲ್ಲೋ, ಕಡಲೆಕಾಯಿ ಪರಿಷೆ ಜಂಗುಳಿಯಲ್ಲೋ ಕಳವಾಗಿ, ಹದಿನೈದು ದಿನ ಬಿಟ್ಟು ದೃಶ್ಯ ಹುಡುಕಿದರೆ ಅದು ಅಳಿಸಿ ಹೋಗಿರುತ್ತೆ.

ಕಾನೂನು ಏನು?
ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಕಾಯ್ದೆ-2017ರ ಪ್ರಕಾರ, ಒಂದೇ ಸಮಯಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ವಾಣಿಜ್ಯ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯ 30 ದಿನ ಉಳಿಯಬೇಕು. ಪೊಲೀಸರು ಕೇಳಿದರೆ ಕೊಡಬೇಕು. ಸಣ್ಣ ಅಂಗಡಿಗೂ 30 ದಿನದ ಲೆಕ್ಕ ಇಟ್ಟುಕೊಳ್ಳೋದೇ ಒಳ್ಳೇದು.

ಡಿಸ್ಕ್ ಲೆಕ್ಕ
2 ಎಂಬಿಪಿಎಸ್ ಬಿಟ್‌ರೇಟ್ ಇಟ್ಟರೆ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತಿನ್ನುತ್ತೆ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕ್ 11 ದಿನಕ್ಕೇ ತುಂಬಿ, ಹಳೇದರ ಮೇಲೆ ಹೊಸದು ಬರೆಯೋಕೆ ಶುರು. ಡಿವಿಆರ್‌ನಲ್ಲಿ ಎಚ್.265 ಇದ್ದರೆ ಅದನ್ನೇ ಆರಿಸಿ, ಬಿಟ್‌ರೇಟ್ 1 ಎಂಬಿಪಿಎಸ್‌ಗೆ ಇಳಿಸಿದರೆ ಅದೇ ಡಿಸ್ಕ್ 23 ದಿನ ಬರುತ್ತೆ. 2 ಟಿಬಿ ಹಾಕಿಸಿದರೆ 46 ದಿನ. ಇಳಿಸಿದ ಮೇಲೆ ಗಿರಾಕಿ ಮುಖ ಸ್ಪಷ್ಟವಾಗಿ ಕಾಣುತ್ತಾ ಅಂತ ಒಮ್ಮೆ ನೋಡಿಕೊಳ್ಳಿ.

ವ್ಯಾಪಾರದ ಹೊತ್ತಲ್ಲಿ ನಿರಂತರ ರೆಕಾರ್ಡಿಂಗ್, ಬಾಗಿಲು ಹಾಕಿದ ಮೇಲೆ ಮೋಷನ್ ರೆಕಾರ್ಡಿಂಗ್ ಇಟ್ಟರೆ ಇನ್ನಷ್ಟು ಜಾಗ ಉಳಿಯುತ್ತೆ. ಕೆಲವು ಡಿವಿಆರ್‌ಗಳಲ್ಲಿ 'ಎಕ್ಸ್‌ಪೈರ್' ಅಥವಾ 'ಆಟೋ ಡಿಲೀಟ್' ಅನ್ನೋ ಆಯ್ಕೆ ಇದೆ. ಅಲ್ಲಿ 7 ದಿನ ಅಂತಿದ್ದರೆ ಡಿಸ್ಕ್ ಖಾಲಿ ಇದ್ದರೂ ದೃಶ್ಯ ಹೋಗುತ್ತೆ. ಅದನ್ನ ಆಫ್ ಮಾಡಿ.

ಗಡಿಯಾರ ಸರಿ ಇದೆಯಾ?
ಟೈಮ್ ಝೋನ್ ಜಿಎಂಟಿ +5:30 ಇರಲಿ, ಡಿಎಸ್‌ಟಿ ಆಫ್ ಇರಲಿ. ಇಂಟರ್ನೆಟ್ ಇದ್ದರೆ ಎನ್‌ಟಿಪಿ ಆನ್ ಮಾಡಿದರೆ ಸಮಯ ತಾನೇ ಸರಿಹೋಗುತ್ತೆ. ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಳೇ ವರ್ಷಕ್ಕೆ ಓಡಿದರೆ, ಒಳಗಿನ ಬಟನ್ ಸೆಲ್ ಮುಗಿದಿರೋ ಸಾಧ್ಯತೆ ಹೆಚ್ಚು. ಸೆಲ್ ಬದಲಿಸಿ, ಡಿವಿಆರ್‌ಗೆ ಸಣ್ಣದೊಂದು ಯುಪಿಎಸ್ ಕೊಡಿ.

ಪಾಸ್‌ವರ್ಡ್ ಯಾರ ಕೈಯಲ್ಲಿ?
ಅಡ್ಮಿನ್ ಪಾಸ್‌ವರ್ಡ್ ಮಾಲೀಕರ ಹತ್ತಿರವೇ ಇರಬೇಕು, ಕ್ಯಾಮೆರಾ ಹಾಕಿದವರ ಹತ್ತಿರ ಮಾತ್ರ ಅಲ್ಲ. ಕಂಪನಿ ಕೊಟ್ಟ ಪಾಸ್‌ವರ್ಡ್ ಹಾಗೇ ಬಿಟ್ಟ ಸಾವಿರಾರು ಡಿವಿಆರ್, ಕ್ಯಾಮೆರಾಗಳನ್ನು 2016ರಲ್ಲಿ 'ಮಿರಾಯ್' ಅನ್ನೋ ಮಾಲ್‌ವೇರ್ ವಶ ಮಾಡಿಕೊಂಡಿತ್ತು. ಕೆಲಸದ ಹುಡುಗರಿಗೆ ಬೇರೆ ಯೂಸರ್ ಮಾಡಿ, ಲೈವ್ ನೋಡೋಕೆ ಮಾತ್ರ ಅನುಮತಿ ಕೊಡಿ. ಡಿಲೀಟ್, ಫಾರ್ಮ್ಯಾಟ್ ಬೇಡ.

ಘಟನೆ ನಡೆದರೆ
ಅವತ್ತೇ ಆ ಹೊತ್ತಿನ ದೃಶ್ಯ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯಿರಿ. ಮೊಬೈಲಲ್ಲಿ ಪರದೆಯ ವಿಡಿಯೋ ಹಿಡಿದರೆ ಸಾಲದು. ಡಿವಿಆರ್ ಗಡಿಯಾರ ತಪ್ಪಾಗಿದ್ದರೆ ಆ ಕ್ಷಣಕ್ಕೆ ತಿದ್ದಬೇಡಿ. ಸರಿಯಾದ ಸಮಯಕ್ಕೂ ಅದಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಅಂತ ಬರೆದಿಟ್ಟು ಪೊಲೀಸರಿಗೆ ತಿಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ, ಇಂಥ ದೃಶ್ಯ ಕೋರ್ಟಿಗೆ ಹೋಗುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವೂ ಇರಬೇಕು. ಹಾಗಾಗಿ ಮೂಲ ಕಡತವನ್ನು ಕತ್ತರಿಸೋದು, ಬೇರೆ ರೂಪಕ್ಕೆ ಬದಲಿಸೋದು ಮಾಡಬಾರದು.

ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ಪ್ಲೇಬ್ಯಾಕ್ ತೆರೆದು 30 ದಿನದ ಹಿಂದಿನ ದಿನಾಂಕ ಒತ್ತಿ ನೋಡಿ. ಎಲ್ಲಾ ಕ್ಯಾಮೆರಾದ ದೃಶ್ಯ ಬಂತಾ, ಸರಿ. ಬರಲಿಲ್ಲವಾ, ಅವತ್ತೇ ಟೆಕ್ನಿಷಿಯನ್‌ನ ಕರೆಸಿ. ಕಳವಾದ ಮೇಲೆ ಕರೆಸಿದರೆ ಪ್ರಯೋಜನ ಇಲ್ಲ.