ಊರ ಕಸ ಮತ್ತು ತರಕಾರಿ ತೋಟದ ಆದಾಯ

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಬೆಂಗಳೂರಿನ ಆಸುಪಾಸಿನ ತೋಟಗಳನ್ನು ತರಕಾರಿ ತೋಟ, ತೆಂಗಿನ ತೋಟ, ಎಲೆತೋಟ, ಹೂವಿನ ತೋಟ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ತಿಗಳ ಸಮುದಾಯದವರು ಕೆರೆ, ಬಾವಿಗಳ ಆಸರೆಯಲ್ಲಿ ಮಾಡುತ್ತಿದ್ದ ತರಕಾರಿ ತೋಟಗಳಲ್ಲಿ ಸೊಪ್ಪು ತಿಂಗಳೊಪ್ಪತ್ತಿನಲ್ಲಿ ಕೊಯ್ಲಿಗೆ ಬರುತ್ತಿದ್ದುದರಿಂದ ಒಂದೇ ಮಡಿಯಲ್ಲಿ ವರ್ಷಕ್ಕೆ ಹಲವು ಬೆಳೆ ತೆಗೆಯಬಹುದಿತ್ತು. 1809ರಲ್ಲಿ ಬ್ರಿಟಿಷರ ದಂಡು ಪ್ರದೇಶ ನೆಲೆಗೊಂಡ ಬಳಿಕ ಕೋಸು, ಕ್ಯಾರೆಟ್, ಬಟಾಣಿಗಳಿಗೂ ಗಿರಾಕಿಗಳು ಹತ್ತಿರದಲ್ಲೇ ದೊರೆತರು. ಆದರೆ ಬಿಡುವಿಲ್ಲದೆ ಬೆಳೆ ಕೊಡುವ ನೆಲ ಬೇಡುವಷ್ಟು ಗೊಬ್ಬರವನ್ನು ಒಂದೆರಡು ದನಗಳ ಕೊಟ್ಟಿಗೆ ಪೂರೈಸಲಾರದು. ಸಣ್ಣ ಹಿಡುವಳಿದಾರನ ಲಾಭನಷ್ಟವನ್ನು ಮಾರಾಟದ ಬೆಲೆಗಿಂತ ಹೆಚ್ಚಾಗಿ ಈ ಕೊರತೆಯೇ ನಿರ್ಧರಿಸುತ್ತ ಬಂದಿದೆ.

ಈ ಕೊರತೆಗೆ ನಗರದಲ್ಲೇ ಉತ್ತರವಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ, ಇಂದಿಗೂ ‘ಬೆಂಗಳೂರು ವಿಧಾನ’ವೆಂದೇ ಕೃಷಿ ಗ್ರಂಥಗಳಲ್ಲಿ ಹೆಸರಾಗಿರುವ ಕಾಂಪೋಸ್ಟ್ ಪದ್ಧತಿಯಲ್ಲಿ, ಸುಮಾರು ಮೂರು ಅಡಿ ಆಳದ ಗುಂಡಿಯ ತಳಕ್ಕೆ ಅರ್ಧ ಅಡಿ ಊರ ಕಸವನ್ನು ಹರಡಿ, ಅದರ ಮೇಲೆ ಎರಡು ಅಂಗುಲ ಮಲವನ್ನು ಹಾಕಿ, ಹೀಗೆ ಪದರದ ಮೇಲೆ ಪದರ ಪೇರಿಸಿ, ಕೊನೆಗೆ ಮಣ್ಣು ಮೆತ್ತಿ ಮುಚ್ಚಲಾಗುತ್ತಿತ್ತು. ಮುಚ್ಚಿದ ಗುಂಡಿಯೊಳಗೆ ಗಾಳಿಯಾಡದೆ ನಿಧಾನವಾಗಿ ಕೊಳೆಯುವ ಈ ರಾಶಿಯನ್ನು ಮಗುಚುವ ಅಗತ್ಯವಿರಲಿಲ್ಲ, ಆದ್ದರಿಂದ ಕೂಲಿ ಉಳಿಯುತ್ತಿತ್ತು; ಸಾರಜನಕವೂ ಹೆಚ್ಚು ಆವಿಯಾಗಿ ಹೋಗದೆ ಗೊಬ್ಬರದಲ್ಲೇ ನಿಲ್ಲುತ್ತಿತ್ತು. ಆದರೆ ಇಂಥ ಗೊಬ್ಬರದ ಅಗ್ಗದ ಬೆಲೆಯ ಹಿಂದೆ, ಮಲ ಹೊರುವ ಕೆಲಸವನ್ನು ದಲಿತರ ತಲೆಗೆ ಕಟ್ಟಿದ್ದ ಅಮಾನುಷ ವ್ಯವಸ್ಥೆಯಿತ್ತು ಎಂಬುದನ್ನು ಮರೆತು ಹಳೆಯ ತೋಟಗಾರಿಕೆಯನ್ನು ಹೊಗಳುವುದು ಅನ್ಯಾಯವಾಗುತ್ತದೆ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಯಾವ ಬೆಳೆಯ ಲಾಭಕ್ಕಿಂತಲೂ ದೊಡ್ಡ ಸಂಗತಿ.

ಅದೇ ದಶಕದ ಆಸುಪಾಸಿನಲ್ಲಿ ಸಹಾಯಧನದ ರಾಸಾಯನಿಕ ಗೊಬ್ಬರ ಹಳ್ಳಿಹಳ್ಳಿಗೂ ತಲುಪಿತು, ಮುಂದೆ ಊರ ಕಸದಲ್ಲಿ ಪ್ಲಾಸ್ಟಿಕ್ ಬೆರೆಯಿತು, ತೋಟಗಳಿಗೆ ನೀರುಣಿಸುತ್ತಿದ್ದ ಬೆಂಗಳೂರಿನ ಸಂಪಂಗಿ ಕೆರೆಯ ಜಾಗದಲ್ಲಿ ಅಷ್ಟು ಹೊತ್ತಿಗೆ ಕಂಠೀರವ ಕ್ರೀಡಾಂಗಣ ಎದ್ದಿತ್ತು. ಹೀಗಾಗಿ 2004ರಲ್ಲಿ ರಾಜ್ಯ ಸರ್ಕಾರವು ಸಾವಯವ ಕೃಷಿ ನೀತಿಯನ್ನು ಪ್ರಕಟಿಸುವ ಹೊತ್ತಿಗೆ, ಹಿಂದೆ ಪಕ್ಕದಲ್ಲೇ ಸಿಗುತ್ತಿದ್ದ ಗೊಬ್ಬರವನ್ನು ಎಷ್ಟೋ ರೈತರು ದೂರದಿಂದ ಲೋಡುಗಟ್ಟಲೆ ಕೊಂಡು ತರಬೇಕಾಗಿತ್ತು. ಇದಕ್ಕೆ ಪರಿವರ್ತನಾ ಅವಧಿಯ ಹೊರೆಯೂ ಸೇರಿತು: ರಾಷ್ಟ್ರೀಯ ಮಾನದಂಡದ ಪ್ರಕಾರ ತರಕಾರಿಯಂಥ ವಾರ್ಷಿಕ ಬೆಳೆಗಳ ಜಮೀನು ಸಾಮಾನ್ಯವಾಗಿ ಎರಡು ವರ್ಷ ರಾಸಾಯನಿಕಗಳಿಂದ ದೂರವಿದ್ದ ಮೇಲಷ್ಟೇ ಪ್ರಮಾಣಪತ್ರಕ್ಕೆ ಅರ್ಹವಾಗುತ್ತದೆ; ಇಳುವರಿ ಕುಗ್ಗಿದರೂ ಸಾವಯವದ ಬೆಲೆ ಕೈಗೆ ಬಾರದ ಈ ನಡುಗಾಲವನ್ನು ಒಂದು ಎಕರೆಯ ಕುಟುಂಬ ಸಾಲವಿಲ್ಲದೆ ದಾಟುವುದು ಕಷ್ಟ. ರೈತರೇ ಗುಂಪು ಕಟ್ಟಿಕೊಂಡು ಪರಸ್ಪರರ ಹೊಲಗಳನ್ನು ಪರಿಶೀಲಿಸಿ ದೃಢೀಕರಿಸುವ ಸಹಭಾಗಿ ಪ್ರಮಾಣೀಕರಣವು ತಪಾಸಣೆಯ ಖರ್ಚನ್ನು ತಗ್ಗಿಸಿತು. ಅದನ್ನು ದೇಶದೊಳಗಿನ ಮಾರಾಟಕ್ಕೆಂದೇ ರೂಪಿಸಲಾಗಿದ್ದರೂ, ಬೆಳಿಗ್ಗೆ ಕಿತ್ತ ಸೊಪ್ಪನ್ನು ಬಾಡುವ ಮೊದಲೇ ಹತ್ತಿರದ ಪೇಟೆಯಲ್ಲಿ ಮಾರಬೇಕಾದ ಬೆಳೆಗಾರನಿಗೆ ಅಷ್ಟೇ ಸಾಕಾಗುತ್ತದೆ.